ಪೀಠಿಕೆ ಪಾರಾಯಣವಾಗಬಾರದು

ನಮ್ಮ ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆ-ಕಾಲೇಜುಗಳಲ್ಲಿ ಈಗ ಬೆಳಗಿನ ಪ್ರಾರ್ಥನೆಯ ಜೊತೆಗೆ ಸಂವಿಧಾನದ ಪೀಠಿಕೆಯನ್ನೂ ಓದಿಸುತ್ತಾರೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಸೆಪ್ಟೆಂಬರ್ 15ರ ಪ್ರಜಾಪ್ರಭುತ್ವ ದಿನದಂದು ರಾಜ್ಯದಾದ್ಯಂತ ಜನ ಒಟ್ಟಿಗೆ ನಿಂತು ಪೀಠಿಕೆ ಓದಿದರು. ಮರುವರ್ಷ ಅದೇ ದಿನ ಬೀದರಿನಿಂದ ಚಾಮರಾಜನಗರದವರೆಗೆ ಮಾನವ ಸರಪಳಿ ನಿಂತಿತು. ಇದೆಲ್ಲ ಬೇಕಾದದ್ದೇ. ಇದನ್ನು ವಿರೋಧಿಸುವವರ ಸಾಲಿನಲ್ಲಿ ನಾನಿಲ್ಲ. ನನ್ನ ಪ್ರಶ್ನೆ ಬೇರೆ: ಓದಿ ಮುಗಿದು, ಮಕ್ಕಳು ಸಾಲಾಗಿ ತರಗತಿಗೆ ಹೋದ ಮೇಲೆ ಏನಾಗುತ್ತದೆ?

ಮಠದ ಆಡಳಿತಕ್ಕೆ ಸೇರಿದ ಅನುದಾನಿತ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿದವನು ನಾನು. ನಿವೃತ್ತಿಯಾದ ಮೇಲೂ ಭಾನುವಾರಗಳಂದು ಉಚಿತ ಪ್ರಸಾದ ನಿಲಯದ ಮಕ್ಕಳ ಜೊತೆ ಕುಳಿತುಕೊಳ್ಳುತ್ತೇನೆ. ನಾನು ಕಂಡದ್ದು ಇಷ್ಟು. ಮಕ್ಕಳು ಪೀಠಿಕೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ. ಭ್ರಾತೃತ್ವ ಎಂದರೇನು ಎಂದು ಕೇಳಿದರೆ "ಸಹೋದರ ಭಾವನೆ" ಎನ್ನುತ್ತಾರೆ; ಒಂದು ಅಂಕ ಬರುತ್ತದೆ. ಹಾಗಾದರೆ ನಿಮ್ಮೂರ ಚಹಾದಂಗಡಿಯಲ್ಲಿ ಎಲ್ಲರಿಗೂ ಒಂದೇ ಲೋಟವೇ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮೊದಲನೆಯ ಪ್ರಶ್ನೆಗೂ ಎರಡನೆಯದಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಅರ್ಥ ತಿಳಿಯದೆ ಮಂತ್ರ ಒಪ್ಪಿಸುವುದನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ಪ್ರಶ್ನಿಸಿದರು. ತಿಳಿದವರು ಕೆಲವರು, ಒಪ್ಪಿಸುವವರು ಹಲವರು ಎಂಬ ವ್ಯವಸ್ಥೆ ಬೇಡವೆಂದೇ ಅವರು ಆಡುಗನ್ನಡದಲ್ಲಿ ಮಾತಾಡಿದರು. ಅಂಥವರ ಹೆಸರು ಹೊತ್ತ ಸಂಸ್ಥೆಗಳಲ್ಲಿ ಸಂವಿಧಾನವೂ ಇನ್ನೊಂದು ಮಂತ್ರವಾಗಿ, ಪೀಠಿಕೆಯೂ ಇನ್ನೊಂದು ಪಾರಾಯಣವಾಗಿಬಿಟ್ಟರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿಲ್ಲ. ಆದ್ದರಿಂದ ನನ್ನ ವಾದವನ್ನು ನೇರವಾಗಿಯೇ ಇಡುತ್ತೇನೆ. ಸಂವಿಧಾನವನ್ನು ಇಂದಿನ ಸುದ್ದಿಯಿಂದ ಕಲಿಸಬೇಕು. ಅದರಲ್ಲೂ ನಮಗೆ ಇರುಸುಮುರುಸಾಗುವ ಸುದ್ದಿಯಿಂದಲೇ ಆರಂಭಿಸಬೇಕು.

ನಾಟಕದ ಹರಳಯ್ಯ, ಊರಿನ ಹರಳಯ್ಯ

ಪ್ರತಿ ಬಸವ ಜಯಂತಿಗೆ ನಮ್ಮ ಶಾಲೆಗಳಲ್ಲಿ ಕಲ್ಯಾಣ ಕ್ರಾಂತಿಯ ನಾಟಕ ಆಡಿಸುತ್ತೇವೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಗುತ್ತದೆ. ಬಿಜ್ಜಳನ ಆಸ್ಥಾನ ಕೆರಳುತ್ತದೆ. ಎಳೆಹೂಟೆಯ ಶಿಕ್ಷೆಯ ದೃಶ್ಯ ಬಂದಾಗ ಮುಂದಿನ ಸಾಲಿನ ಗಣ್ಯರೂ ಕಣ್ಣೊರೆಸಿಕೊಳ್ಳುತ್ತಾರೆ. ಪೂಜ್ಯರು ಆಶೀರ್ವಚನ ನೀಡುತ್ತಾರೆ, ಪಾತ್ರ ಮಾಡಿದ ಮಕ್ಕಳಿಗೆ ಬಹುಮಾನ ಸಿಗುತ್ತದೆ.

2019ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿ ಗ್ರಾಮದಲ್ಲಿ ಜಾತಿ ಮೀರಿ ಮದುವೆಯಾಗಿದ್ದ ದಂಪತಿಯ ಕೊಲೆಯಾಯಿತು. ಕೊಂದವರು ಹೆಣ್ಣಿನ ಕಡೆಯವರೇ. ಆ ವಾರ ನಾನು ಪತ್ರಿಕೆಯ ಆ ಪುಟವನ್ನು ಒಂಬತ್ತನೆಯ ತರಗತಿಗೆ ಒಯ್ದೆ. ಓದಿ ಮುಗಿಸಿದಾಗ ಬಸವ ಜಯಂತಿಯ ನಾಟಕದಲ್ಲಿ ಪಾತ್ರ ಮಾಡಿದ್ದ ಹುಡುಗಿಯೊಬ್ಬಳು ಕೇಳಿದಳು: "ಸರ್, ನಾಟಕದಾಗ ಎಲ್ಲಾರೂ ಅಳತಾರ್ರಿ. ಊರಾಗ ಹಂಗ ಮದಿವಿ ಆದ್ರ ಯಾಕ್ರಿ ಕೊಲ್ಲತಾರ?"

ಪಠ್ಯಪುಸ್ತಕದ ಹತ್ತು ಪುಟ ಆ ಪ್ರಶ್ನೆಯನ್ನು ಹುಟ್ಟಿಸಲಾರವು. ಅಂದು 21ನೆಯ ವಿಧಿಯ ಪಾಠ ನಿಜವಾಗಿ ನಡೆಯಿತು. ಜೀವಿಸುವ ಹಕ್ಕು ಎಂದರೆ ಉಸಿರಾಡುವ ಹಕ್ಕಷ್ಟೇ ಅಲ್ಲ, ಸಂಗಾತಿಯನ್ನು ತಾನೇ ಆರಿಸಿಕೊಳ್ಳುವ ಹಕ್ಕೂ ಅದರೊಳಗೇ ಇದೆ ಎಂದು ಹೇಳಿದೆ. 2018ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಶಕ್ತಿ ವಾಹಿನಿ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಸರಳವಾಗಿ ವಿವರಿಸಿದೆ. ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಅದಕ್ಕೆ ಮನೆತನದ, ಕುಲದ, ಪಂಚಾಯಿತಿಯ ಅಪ್ಪಣೆ ಬೇಕಿಲ್ಲ. ಅಂಥವರಿಗೆ ಬೆದರಿಕೆ ಇದ್ದರೆ ರಕ್ಷಣೆ ಕೊಡುವುದು, ಸುರಕ್ಷಿತ ವಸತಿ ಕಲ್ಪಿಸುವುದು ಸರ್ಕಾರದ ಹೊಣೆ ಎಂದಿತ್ತು ಆ ತೀರ್ಪು. "ಹಂಗಾದ್ರ ಹಡೆದವ್ರ ಮಾತಿಗೆ ಕಿಮ್ಮತ್ತಿಲ್ಲೇನ್ರಿ?" ಎಂದು ಹುಡುಗನೊಬ್ಬ ಎದ್ದುನಿಂತ. ಕಿಮ್ಮತ್ತಿದೆ, ಬುದ್ಧಿ ಹೇಳುವ ಅಧಿಕಾರವೂ ಇದೆ, ಜೀವ ತೆಗೆಯುವ ಅಧಿಕಾರ ಇಲ್ಲ ಎಂದು ಅವನ ಪಕ್ಕದಲ್ಲಿದ್ದವನೇ ಉತ್ತರ ಕೊಟ್ಟ. ನಾನು ಬಾಯಿ ತೆರೆಯಬೇಕಾಗಲಿಲ್ಲ.

ಮರುವಾರ ಆಡಳಿತ ಮಂಡಳಿಯ ಹಿರಿಯರೊಬ್ಬರು ಕರೆದು, "ಮಾಸ್ತರ, ಪಾಠ ಮಾಡ್ರಿ, ಪೇಪರ್ ಓದಬ್ಯಾಡ್ರಿ. ಮಂದಿ ಕೇಳಾಕತ್ತಾರ" ಎಂದರು. ಅವರು ದುಷ್ಟರಲ್ಲ. ಹರಳಯ್ಯನವರ ನಾಟಕಕ್ಕೆ ಪ್ರತಿವರ್ಷ ಕಿಸೆಯಿಂದ ಹಣ ಕೊಡುವವರು. ನಾಟಕದ ಹರಳಯ್ಯ ಎಂಟುನೂರ ಐವತ್ತು ವರ್ಷ ಹಿಂದಿನವರು, ಅವರಿಂದ ಯಾರ ಮನೆಯ ಸಂಬಂಧವೂ ಕೆಡುವುದಿಲ್ಲ. ಲಕ್ಕಲಕಟ್ಟಿ ನಮ್ಮ ಪಕ್ಕದ ಊರು. ಅದಕ್ಕೇ ಅದು ಬೇಡ! 2025ರ ಜನವರಿಯಲ್ಲಿ ಗದಗಿನ ನ್ಯಾಯಾಲಯ ಆ ಕೊಲೆಗಾಗಿ ನಾಲ್ವರಿಗೆ ಮರಣದಂಡನೆ ವಿಧಿಸಿತು. ನಮ್ಮ ಎಷ್ಟು ಶಾಲೆಗಳಲ್ಲಿ ಅಂದು ಈ ಬಗ್ಗೆ ಒಂದು ಮಾತು ಬಂತು? ಕೊಂದವರೂ ಒಂದು ಕಾಲಕ್ಕೆ ಯಾವುದೋ ಶಾಲೆಯ ಬೆಂಚಿನ ಮೇಲೆ ಕುಳಿತವರೇ ಆಗಿರಬೇಕಲ್ಲವೇ? ಅವರಿಗೆ ಏನನ್ನು ಕಲಿಸಲಿಲ್ಲ ಎಂದು ಕೇಳಿಕೊಳ್ಳದ ಶಿಕ್ಷಣ ಸಂಸ್ಥೆ ಕಟ್ಟಡ ಮಾತ್ರ.

ಕಾಯಕವೋ, ಜಾತಿ ಕಸುಬೋ

ಇನ್ನೊಂದು ಸುದ್ದಿ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳ ಬಗ್ಗೆ ಒಂದು ತೀರ್ಪು ಕೊಟ್ಟಿತು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಕೆಲಸ ಮೇಲ್ಜಾತಿಯ ಕೈದಿಗಳಿಗೆ, ಕಸ ಗುಡಿಸುವ ಮತ್ತು ಪಾಯಿಖಾನೆ ತೊಳೆಯುವ ಕೆಲಸ ಕೆಲವು ಜಾತಿಗಳ ಕೈದಿಗಳಿಗೆ ಎಂಬ ನಿಯಮಗಳು ಇನ್ನೂ ಉಳಿದಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅವುಗಳನ್ನು ಹುಡುಕಿ ವರದಿ ಬರೆದರು, ಬಳಿಕ ತಾವೇ ನ್ಯಾಯಾಲಯಕ್ಕೆ ಹೋದರು. ಅಂಥ ನಿಯಮಗಳು ಸಂವಿಧಾನಬಾಹಿರ ಎಂದು ನ್ಯಾಯಾಲಯ ಸಾರಿತು. ಮೂರು ತಿಂಗಳೊಳಗೆ ಕೈಪಿಡಿ ತಿದ್ದಬೇಕು, ಕೈದಿಗಳ ದಾಖಲೆಯಿಂದ ಜಾತಿಯ ಕಲಮನ್ನೇ ತೆಗೆಯಬೇಕು ಎಂದು ಆದೇಶಿಸಿತು.

ಈ ಒಂದು ಸುದ್ದಿಯಲ್ಲಿ ಎಷ್ಟು ಪಾಠಗಳಿವೆ ನೋಡಿ. ತಾರತಮ್ಯ ನಿಷೇಧಿಸುವ 15ನೆಯ ವಿಧಿ, ಅಸ್ಪೃಶ್ಯತೆಯನ್ನು ರದ್ದುಗೊಳಿಸುವ 17ನೆಯ ವಿಧಿ, ಬಲವಂತದ ದುಡಿಮೆಯನ್ನು ತಡೆಯುವ 23ನೆಯ ವಿಧಿ, ಹಕ್ಕಿಗಾಗಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದೆಂಬ 32ನೆಯ ವಿಧಿ. ನಾಲ್ಕು ವಿಧಿಗಳನ್ನು ಬಾಯಿಪಾಠ ಮಾಡಿಸಲು ನಾಲ್ಕು ದಿನ ಬೇಕು, ಮರೆಯಲು ಪರೀಕ್ಷೆಯ ಮರುದಿನ ಸಾಕು. ಈ ಸುದ್ದಿಯ ಮೂಲಕ ಹೇಳಿದ ಮಕ್ಕಳು ಒಂದು ವರ್ಷದ ಮೇಲೂ ನೆನಪಿಟ್ಟುಕೊಂಡಿದ್ದಾರೆ. ಗಣರಾಜ್ಯವಾಗಿ 74 ವರ್ಷ ಕಳೆದ ಮೇಲೂ ಸರ್ಕಾರದ್ದೇ ಪುಸ್ತಕದಲ್ಲಿ ಇಂಥ ನಿಯಮ ಉಳಿದಿತ್ತು ಎಂಬುದು ಅವರಿಗೆ ಕಲಿಸಿದ್ದು ಇನ್ನೊಂದನ್ನು: ಸಂವಿಧಾನ ತಾನಾಗಿ ಜಾರಿಯಾಗುವುದಿಲ್ಲ, ಯಾರಾದರೂ ಎದ್ದುನಿಂತು ಕೇಳಬೇಕು.

ಶರಣರ ಕಾಯಕ ತತ್ವ ಅರ್ಥವಾಗುವುದೂ ಇಲ್ಲಿಯೇ. ಯಾವ ಕೆಲಸವೂ ಕೀಳಲ್ಲ ಎಂದು ನಾವು ವೇದಿಕೆಯಲ್ಲಿ ಹೇಳುತ್ತೇವೆ. ಆ ಮಾತನ್ನೇ ಹಿಡಿದು "ಹಾಗಾದರೆ ನಿಮ್ಮ ಕೆಲಸ ನೀವೇ ಮಾಡಿಕೊಂಡಿರಿ" ಎಂದು ಒಂದು ಜಾತಿಯನ್ನು ಅದೇ ಕೆಲಸಕ್ಕೆ ಕಟ್ಟಿಹಾಕಿದರೆ ಅದು ಕಾಯಕವಲ್ಲ, ಹಳೆಯ ಜಾತಿ ಕಸುಬಿಗೆ ಹೊಸ ಹೆಸರು. ಇದನ್ನು ಚರ್ಚಿಸುತ್ತಿದ್ದಾಗ ಪ್ರಸಾದ ನಿಲಯದ ಏಳನೆಯ ತರಗತಿಯ ಹುಡುಗ ಮೆಲ್ಲಗೆ ಕೇಳಿದ: "ನಮ್ಮ ಹಾಸ್ಟೆಲಿನ ಸಂಡಾಸ ತೊಳಿಯಾಕ ಒಂದ ಓಣ್ಯಾವ್ರ ಯಾಕ ಬರತಾರ್ರಿ?" ಇಂಥ ಪ್ರಶ್ನೆಗೆ ಆಡಳಿತ ಮಂಡಳಿಗಳು ಹೆದರುತ್ತವೆ. ಶರಣ ಬಂಧುಗಳೇ, ನಮಗೆ ಈ ಪ್ರಶ್ನೆಯ ಅಗತ್ಯವಿದೆ. ಈಗ ಆ ನಿಲಯದಲ್ಲಿ ಶೌಚಾಲಯದ ಸರದಿ ಪಟ್ಟಿಯಲ್ಲಿ ಎಲ್ಲ ಮಕ್ಕಳ ಹೆಸರೂ ಇದೆ, ವಾರ್ಡನ್ ಹೆಸರೂ ಇದೆ. ಹತ್ತು ಉಪನ್ಯಾಸ ಮಾಡದ ಕೆಲಸವನ್ನು ಒಂದು ಪ್ರಶ್ನೆ ಮಾಡಿತು.

ಮೊಟ್ಟೆಯ ಪಾಠ

ಮುಂದಿನ ಮಾತು ಕೆಲವರಿಗೆ ಕಹಿಯಾಗಬಹುದು. ಪೂಜ್ಯರ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಆರಂಭಿಸಿತು. ಮಕ್ಕಳ ಅಪೌಷ್ಟಿಕತೆ ಕಾರಣ. ತಿನ್ನದವರಿಗೆ ಬಾಳೆಹಣ್ಣು ಎಂದೂ ಹೇಳಿತು. ನಮ್ಮ ಕೆಲವು ಮಠಾಧೀಶರು ವಿರೋಧಿಸಿದರು. ಆ ತಿಂಗಳು ರಾಜ್ಯದಲ್ಲಿ ಎಲ್ಲೆಲ್ಲೂ ಅದೇ ಮಾತು: ಟಿವಿಯಲ್ಲಿ, ಬಸ್ಸಿನಲ್ಲಿ, ಮಠದ ಪಡಸಾಲೆಯಲ್ಲಿ. ಮಾತು ಬರದಿದ್ದ ಜಾಗ ಒಂದೇ, ನಮ್ಮ ತರಗತಿ. ಯಾರ ತಟ್ಟೆಯ ಬಗ್ಗೆ ಚರ್ಚೆ ನಡೆದಿತ್ತೋ ಆ ಮಕ್ಕಳನ್ನು ಬಿಟ್ಟು ಎಲ್ಲರೂ ಮಾತಾಡಿದರು.

ಅದಕ್ಕಿಂತ ಒಳ್ಳೆಯ ಸಂವಿಧಾನದ ಪಾಠ ಮತ್ತೊಂದು ಸಿಗುತ್ತಿತ್ತೇ? ಒಂದು ಕಡೆ 25ನೆಯ ವಿಧಿ: ಪ್ರತಿಯೊಬ್ಬರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವಿದೆ, ಸಸ್ಯಾಹಾರದ ವ್ರತವಿದ್ದ ಮಗುವಿಗೆ ಮೊಟ್ಟೆಯನ್ನು ಒತ್ತಾಯಿಸುವಂತಿಲ್ಲ. ಇನ್ನೊಂದು ಕಡೆ 47ನೆಯ ವಿಧಿ: ಜನರ ಪೌಷ್ಟಿಕತೆಯ ಮಟ್ಟ ಎತ್ತರಿಸುವುದು ರಾಜ್ಯದ ಮೊದಲ ಕರ್ತವ್ಯಗಳಲ್ಲೊಂದು. ಶಾಲೆಯಲ್ಲಿ ಬಿಸಿಯೂಟ ಕೊಡಿ ಎಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಆದೇಶ ಕೊಟ್ಟದ್ದನ್ನೂ ಮಕ್ಕಳಿಗೆ ಹೇಳಬಹುದಿತ್ತು. ಮಕ್ಕಳನ್ನು ಎರಡು ಗುಂಪು ಮಾಡಿ ವಾದಿಸಲು ಬಿಡಬಹುದಿತ್ತು. ಮೊಟ್ಟೆ ಬೇಡವೆನ್ನುವ ಮನೆಯ ಮಗುವಿಗೆ ಬೇಕೆನ್ನುವವರ ಪರ ವಾದಿಸು ಎನ್ನಬಹುದಿತ್ತು.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ತಿನ್ನದವರಿಗೆ ಬೇರೆ ಆಯ್ಕೆ ಇರುವಾಗ ಅಲ್ಲಿ ಯಾರ ಧರ್ಮಕ್ಕೂ ಧಕ್ಕೆಯಾಗಿರಲಿಲ್ಲ. ನನ್ನ ವ್ರತ ನನ್ನ ತಟ್ಟೆಗೆ ಮಾತ್ರ ಅನ್ವಯ. ನಮ್ಮ ರಾಜ್ಯದ ಬಿಸಿಯೂಟ ಯೋಜನೆಗೆ ಅಕ್ಷರ ದಾಸೋಹ ಎಂದು ಹೆಸರು. ದಾಸೋಹ ಎಂಬುದು ಶರಣರ ಶಬ್ದ. ಹಸಿದು ಬಂದವರ ಕುಲ ಕೇಳದೆ ಉಣಬಡಿಸುವ ಪದ್ಧತಿ ಅದು. ಆ ಶಬ್ದವನ್ನು ಸರ್ಕಾರಕ್ಕೆ ಕೊಟ್ಟ ಪರಂಪರೆಯವರೇ ಬಡಮಕ್ಕಳ ತಟ್ಟೆಗೆ ಅಡ್ಡ ನಿಂತಂತೆ ಕಾಣಬಾರದಿತ್ತು. ಇದನ್ನು ಒಪ್ಪದವರು ಇದೇ ಪುಟಗಳಲ್ಲಿ ಉತ್ತರ ಬರೆಯಲಿ, ಸಂತೋಷ. ಆ ಉತ್ತರವನ್ನೂ ಈ ಲೇಖನವನ್ನೂ ಜೊತೆಗಿಟ್ಟು ಮಕ್ಕಳ ಮುಂದೆ ಓದೋಣ. ನಾನು ಕೇಳುತ್ತಿರುವುದು ಅಷ್ಟೇ.

"ರಾಜಕೀಯ ಬೇಡ" ಎನ್ನುವವರಿಗೆ

ಶಾಲೆಯಲ್ಲಿ ರಾಜಕೀಯ ಬೇಡ ಎಂಬುದು ನಾನು ಅತಿ ಹೆಚ್ಚು ಕೇಳಿದ ಮಾತು. ಪಕ್ಷ ರಾಜಕೀಯ ಬೇಡವೆಂದರೆ ನನ್ನದೂ ಒಪ್ಪಿಗೆ. ಶಿಕ್ಷಕ ತರಗತಿಯಲ್ಲಿ ಯಾರಿಗೂ ಮತ ಕೇಳಬಾರದು. ಆದರೆ ಈ ಮಾತಿನ ಹಿಂದೆ ಇರುವುದು ಬೇರೆ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯಾದಾಗ ಬಸವಣ್ಣನವರ ಪಾಠವನ್ನು ತಿರುಚಲಾಗಿದೆ ಎಂದು ನಮ್ಮ ಮಠಾಧೀಶರು, ಸಂಘಟನೆಗಳು ಮುಖ್ಯಮಂತ್ರಿಗೆ ಪತ್ರ ಬರೆದರು, ಬೀದಿಗಿಳಿಯುವ ಎಚ್ಚರಿಕೆ ಕೊಟ್ಟರು. ಸರ್ಕಾರ ಪಾಠ ತಿದ್ದಲು ಒಪ್ಪಿತು. ಅದು ರಾಜಕೀಯವಾಗಿರಲಿಲ್ಲವೇ? ಆಗಿತ್ತು, ಮತ್ತು ಸರಿಯಾದ ರಾಜಕೀಯವಾಗಿತ್ತು: 19ನೆಯ ವಿಧಿ ಕೊಟ್ಟ ಮಾತಿನ ಹಕ್ಕನ್ನು ನಾವು ಬಳಸಿದೆವು. ಅದೇ ಪರಿಷ್ಕರಣೆಯಲ್ಲಿ ಅಂಬೇಡ್ಕರ್ ಅವರ ಹೆಸರಿನೊಂದಿಗಿದ್ದ 'ಸಂವಿಧಾನ ಶಿಲ್ಪಿ' ಎಂಬ ವಿಶೇಷಣವೂ ಬಿಟ್ಟುಹೋಗಿತ್ತು, ವಿರೋಧ ಬಂದ ಮೇಲೆ ಮತ್ತೆ ಸೇರಿಸಿದರು. ಬಸವಣ್ಣನವರಿಗಾಗಿ ದನಿ ಎತ್ತಿದ ನಮ್ಮಲ್ಲಿ ಎಷ್ಟು ಮಂದಿ ಅಂಬೇಡ್ಕರರಿಗಾಗಿಯೂ ಅಷ್ಟೇ ಗಟ್ಟಿಯಾಗಿ ಮಾತಾಡಿದೆವು? ನಮ್ಮ ಧರ್ಮದ ಮಾನ್ಯತೆಗೆ ನಮಗೆ ಸಂವಿಧಾನ ಬೇಕು. ಮಕ್ಕಳ ಪ್ರಶ್ನೆಗೆ ಬೇಡ. ಇದೆಂಥ ನ್ಯಾಯ?

ಚರ್ಚೆಯಿಂದ ಮಕ್ಕಳ ನಡುವೆ ಜಗಳವಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಅದಕ್ಕೆ ಹಿಜಾಬ್ ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ. 2022ರ ಆರಂಭದಲ್ಲಿ ನಮ್ಮ ಕಾಲೇಜುಗಳ ಗೇಟಿನ ಮುಂದೆ ಮಕ್ಕಳೇ ಎದುರುಬದುರು ನಿಂತದ್ದನ್ನು ನೋಡಿದೆವು. ಅವರು ಹಾಗೆ ನಿಂತದ್ದು ತರಗತಿಯಲ್ಲಿ ಚರ್ಚೆ ಮಾಡಿ ಕೆಟ್ಟದ್ದರಿಂದಲೇ? ಚರ್ಚೆಯ ಅಭ್ಯಾಸವೇ ಇಲ್ಲದ್ದರಿಂದ. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಒಂದು ಕಡೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಇನ್ನೊಂದು ಕಡೆ ತೀರ್ಪು ಬರೆದರು. ಒಂದೇ ಸಂವಿಧಾನ, ಒಂದೇ ಪೀಠ, ಎರಡು ಅಭಿಪ್ರಾಯ. ಇಬ್ಬರೂ ಕಾರಣ ಕೊಟ್ಟರು, ಯಾರೂ ಕಲ್ಲು ಎತ್ತಲಿಲ್ಲ, ವಿಷಯ ದೊಡ್ಡ ಪೀಠಕ್ಕೆ ಹೋಗಲೆಂದರು. ಭಿನ್ನಾಭಿಪ್ರಾಯವನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಹದಿನಾರರ ಮಕ್ಕಳಿಗೆ ಕಲಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಮೂರನೆಯದು, ಪಠ್ಯ ಮುಗಿಯುವುದಿಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿಯುತ್ತದೆ ಎಂಬ ಭಯ. ವಾರಕ್ಕೆ ಒಂದು ಅವಧಿ ಕೊಟ್ಟರೆ ಸಾಕು. ನನ್ನ ತರಗತಿಯ ಮಕ್ಕಳು ಅದರಿಂದ ಅನುತ್ತೀರ್ಣರಾದದ್ದಿಲ್ಲ. ಮಕ್ಕಳು ಚಿಕ್ಕವರು ಎನ್ನುವವರಿಗೂ ಒಂದು ಮಾತು. ಹತ್ತನೆಯ ತರಗತಿ ಮುಗಿಸಿದ ಎರಡೇ ವರ್ಷಕ್ಕೆ ಅವರ ಕೈಯಲ್ಲಿ ಮತವಿರುತ್ತದೆ, ಮೊಬೈಲ್ ಅದಕ್ಕೂ ಮೊದಲೇ ಇದೆ. ನಾವು ಹೇಳಿಕೊಡದ ಸಂವಿಧಾನವನ್ನು ವಾಟ್ಸಾಪ್ ತನಗೆ ಬೇಕಾದಂತೆ ಹೇಳಿಕೊಡುತ್ತಿದೆ.

ಮಠಗಳು ಮಾಡಬೇಕಾದದ್ದು

ಬರಿ ದೂರು ಹೇಳಿ ಮುಗಿಸುವುದು ಸಲ್ಲ. ನಾನು ಮಾಡಿ ನೋಡಿದ್ದನ್ನು ಮುಂದಿಡುತ್ತೇನೆ.

ವಾರಕ್ಕೊಂದು ಸುದ್ದಿಯ ಅವಧಿ ಇರಲಿ. ಒಂದೇ ಸುದ್ದಿಯನ್ನು ಕನಿಷ್ಠ ಎರಡು ಪತ್ರಿಕೆಗಳಲ್ಲಿ ಓದಿಸಿರಿ. ಆಮೇಲೆ ನಾಲ್ಕು ಪ್ರಶ್ನೆ: ಏನಾಯಿತು? ಯಾರ ಹಕ್ಕಿನ ಮಾತು ಇದು? ಅಧಿಕಾರ ಯಾರ ಕೈಯಲ್ಲಿತ್ತು? ಸಂವಿಧಾನ ಏನು ಹೇಳುತ್ತದೆ? ಪ್ರತಿ ಮಗುವೂ ಒಮ್ಮೆಯಾದರೂ ತನಗೊಪ್ಪದ ಪಕ್ಷದ ಪರ ಮಾತಾಡಬೇಕು. ಯಾವ ಮಗುವಿನ ಜಾತಿಯನ್ನೂ ಉದಾಹರಣೆಯಾಗಿ ಎತ್ತಬಾರದು, ಮನೆಯ ಕಥೆ ಹೇಳೆಂದು ಒತ್ತಾಯಿಸಬಾರದು. ಆರೋಪವನ್ನು ಆರೋಪವೆಂದೇ, ತೀರ್ಪನ್ನು ತೀರ್ಪೆಂದೇ ಹೇಳಬೇಕು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ಹಲ್ಲೆಗಾಗಿ 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಮರುತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟ್ ಜಾಮೀನು ಕೊಟ್ಟಿತು. ಎರಡನ್ನೂ ಹೇಳಿದರೆ ಮಾತ್ರ ಮಗುವಿಗೆ ಶಿಕ್ಷೆ, ಮೇಲ್ಮನವಿ, ಜಾಮೀನು ಎಂದರೇನು ಎಂಬುದು ತಿಳಿಯುತ್ತದೆ.

ಶಿಕ್ಷಕರ ಕೈಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ 'ಸಂವಿಧಾನ ಓದು' ಪುಸ್ತಕ ಕೊಡಿರಿ. ತಾಲೂಕಿನ ವಕೀಲರೊಬ್ಬರನ್ನು ತಿಂಗಳಿಗೊಮ್ಮೆ ಕರೆಸಿರಿ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಗೆ ನಮ್ಮ ಮಕ್ಕಳನ್ನು ಪ್ರಶ್ನೆ ಬರೆಸಿ ಕಳಿಸಿರಿ. ಶೌಚಾಲಯದ ನೀರಿನ ಪ್ರಶ್ನೆ ಕೇಳಿ ಉತ್ತರ ಪಡೆದ ಮಗು ಪ್ರಜಾಪ್ರಭುತ್ವ ಮರೆಯುವುದಿಲ್ಲ. ಪ್ರತಿ ಪ್ರಸಾದ ನಿಲಯದ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ದೊಡ್ಡದಾಗಿ ಬರೆದಿರಲಿ. ಅದರ ಪಕ್ಕದಲ್ಲಿ 28ನೆಯ ವಿಧಿಯ ಮೂರನೆಯ ಉಪವಿಧಿಯೂ ಇರಲಿ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ, ಪೂಜೆಗೆ ಕಡ್ಡಾಯವಾಗಿ ಕೂರಿಸುವಂತಿಲ್ಲ. ನಮ್ಮ ಮೇಲೆ ಅನ್ವಯವಾಗುವ ವಿಧಿಯನ್ನು ನಾವೇ ಗೋಡೆಗೆ ಬರೆದರೆ ಮಕ್ಕಳು ನಮ್ಮ ಮಾತನ್ನು ನಂಬುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಶಿಕ್ಷಕರಿಗೆ ಅಭಯ. ನಮ್ಮಲ್ಲಿ ಇದನ್ನು ಕಲಿಸಬಲ್ಲ, ಕಲಿಸಲು ಮನಸ್ಸುಳ್ಳ ಮೇಷ್ಟ್ರು, ಅಕ್ಕೋರು ಬೇಕಾದಷ್ಟಿದ್ದಾರೆ. ನೌಕರಿಯ ಭಯದಲ್ಲಿ ಸುಮ್ಮನಿದ್ದಾರೆ. ಪಾಲಕರು ದೂರು ತಂದಾಗ "ಇದು ನಮ್ಮ ಸಂಸ್ಥೆಯೇ ಒಪ್ಪಿಕೊಟ್ಟ ಪಾಠ" ಎಂದು ಆಡಳಿತ ಮಂಡಳಿ ಬರಹದಲ್ಲಿ ಹೇಳಬೇಕು. ಪೂಜ್ಯರು ಒಂದು ಭಾನುವಾರ ಆ ಚರ್ಚೆಯಲ್ಲಿ ಬಂದು ಕುಳಿತುಕೊಳ್ಳಬೇಕು. ಆಶೀರ್ವಚನ ಬೇಡ, ಕೇಳಿಸಿಕೊಂಡರೆ ಸಾಕು.

ಸಂವಿಧಾನದ ನೈತಿಕತೆ ಮನುಷ್ಯರಲ್ಲಿ ಸಹಜವಾಗಿ ಇರುವುದಲ್ಲ, ಅದನ್ನು ಬೆಳೆಸಬೇಕು ಎಂದು ಬಾಬಾಸಾಹೇಬ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಪ್ರಶ್ನಿಸುವ ಮತ್ತು ಸುಧಾರಿಸುವ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಮೂಲಭೂತ ಕರ್ತವ್ಯ ಎಂದು 51ಎ ವಿಧಿ ಹೇಳುತ್ತದೆ. ಪ್ರತಿ ಜನವರಿ 26ಕ್ಕೆ ನಮ್ಮ ವೇದಿಕೆಗಳಲ್ಲಿ ಅನುಭವ ಮಂಟಪವೇ ಜಗತ್ತಿನ ಮೊದಲ ಸಂಸತ್ತು ಎಂಬ ಭಾಷಣ ಆಗುತ್ತದೆ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲೂ ಬಿತ್ತು. ಆ ಮಂಟಪದಲ್ಲಿ ಕಸ ಗುಡಿಸುವ ಸತ್ಯಕ್ಕ, ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ ಮಾತಾಡುತ್ತಿದ್ದರು ಎಂದು ನಾವೇ ಹೆಮ್ಮೆಯಿಂದ ಹೇಳುತ್ತೇವೆ. ಅವರಿಗೆ ಯಾರೂ "ಅದು ಸಿಲಬಸ್ಸಿನಲ್ಲಿಲ್ಲ, ಸುಮ್ಮನೆ ಕೂಡ್ರಿ" ಎಂದಿರಲಿಲ್ಲ.

ಈ ಸಂಚಿಕೆ ನಿಮ್ಮ ಮಠಕ್ಕೆ ಬಂದು ತಲುಪಿದ ವಾರದ ಪತ್ರಿಕೆಯನ್ನೇ ತೆಗೆದುಕೊಳ್ಳಿರಿ. ಅದರಲ್ಲಿ ನಿಮ್ಮ ಜಿಲ್ಲೆಯ ಒಂದು ಸುದ್ದಿ ಇದ್ದೇ ಇರುತ್ತದೆ. ಬೆಳಗ್ಗೆ ಪೀಠಿಕೆ ಓದಿದ ಮಕ್ಕಳ ಮುಂದೆ ಮಧ್ಯಾಹ್ನ ಅದನ್ನು ಇಟ್ಟು, ನಾಲ್ಕು ಪ್ರಶ್ನೆ ಕೇಳಿರಿ. ಉತ್ತರ ಏನು ಬಂತೆಂದು ನಮಗೆಲ್ಲ ಬರೆದು ತಿಳಿಸಿರಿ.